ಅಳಿಸಿದ ಏಳು ಆಟ

ಗಲ್ಫಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದಲ್ಲಿ ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದವರು ಮಂಗಳೂರು ಕಡೆಯ ಬ್ಯಾರಿ ಗೆಳೆಯರೊಬ್ಬರು. ಗೋದಾಮಿನ ಸ್ಟಾಕ್ ನೋಡುವ ಕೆಲಸ. ಉಳಿದ ಹೊತ್ತಿನಲ್ಲಿ ನಾಲ್ಕು ವರ್ಷ ಒಬ್ಬರೇ ಕೂತು, ಚೆಸ್ ಆಡುವ ಒಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆದಿದ್ದರು. ಅದನ್ನು ಹೆಸರಾದ ಇನ್ನೊಂದು ಪ್ರೋಗ್ರಾಮಿನ ವಿರುದ್ಧ ನೂರು ಆಟ ಆಡಿಸಿ, ಫಲಿತಾಂಶವನ್ನು ಇಂಟರ್ನೆಟ್ಟಿನ ಚೆಸ್ ವೇದಿಕೆಯಲ್ಲಿ ಹಾಕಬೇಕೆಂಬುದು ಅವರ ಆಸೆ. ಬರೆದವನೇ ಆಡಿಸಿದರೆ ಯಾರೂ ನಂಬುವುದಿಲ್ಲವೆಂದು ಆ ಕೆಲಸ ನನಗೆ ಒಪ್ಪಿಸಿದರು.

"ನಾನು ಮುಟ್ಟುವುದೇ ಇಲ್ಲ ಮಾರಾಯ್ರೆ. ನಿಮ್ಮ ಲ್ಯಾಪ್‌ಟಾಪಲ್ಲೇ ಆಗಲಿ. ಮತ್ತೆ ಯಾರಿಗೂ ಮಾತಾಡ್ಲಿಕ್ಕೆ ಇರ್ಬಾರ್ದು."

ಆಡಿಸುವುದೆಂದರೆ ಎರಡನ್ನೂ ಎದುರುಬದುರು ಬಿಟ್ಟು ಕಾಯುವುದು, ಅಷ್ಟೆ. ಒಂದು ವಾರ ಲ್ಯಾಪ್‌ಟಾಪ್ ಎಸಿಯ ಕೆಳಗೆ ಬುಸುಗುಟ್ಟುತ್ತಾ ಕೂತಿತ್ತು. ಏಳು ಸಲ ಗೆಳೆಯರ ಪ್ರೋಗ್ರಾಮ್ ಆಟದ ನಡುವೆ ಕೈಕೊಟ್ಟು ನಿಂತುಬಿಟ್ಟಿತು. ನಿಯಮದ ಪ್ರಕಾರ ಅದು ಸೋಲು. ನಾನೋ ಮೈಸೂರಿನ ಗಲ್ಲಿ ಕ್ರಿಕೆಟ್ಟಿನಲ್ಲಿ ಬೆಳೆದವನು. ಬೇಕಾದವನು ಮೊದಲ ಬಾಲಿಗೇ ಔಟಾದರೆ ಅದು ಟ್ರಯಲ್ ಬಾಲ್. ಆ ಏಳನ್ನೂ ಅಳಿಸಿ, ಕೊನೆಯಲ್ಲಿ ಹೊಸದಾಗಿ ಏಳು ಆಡಿಸಿದೆ. ಯಾರಿಗೂ ಹೇಳಲಿಲ್ಲ. ಐವತ್ತೆಂಟಕ್ಕೆ ನಲವತ್ತೆರಡು. ಗೆಳೆಯರು ಇಡೀ ಮಹಡಿಗೆ ಖರ್ಜೂರ ಹಂಚಿದರು.

ಫೈಲಿನಲ್ಲಿ ಪ್ರತಿ ಆಟದ ಕ್ರಮಸಂಖ್ಯೆಯೂ ದಾಖಲಾಗುತ್ತದೆಂಬುದು ಈ ಜಾಣನ ತಲೆಗೆ ಹೊಳೆದಿರಲೇ ಇಲ್ಲ. ವೇದಿಕೆಯವರು ಎರಡೇ ದಿನದಲ್ಲಿ ಹಿಡಿದರು: ನಡುವೆ ಏಳು ಸಂಖ್ಯೆ ಮಾಯ, ನೂರರ ಆಚೆಗೆ ಏಳು ಆಟ. ಮೋಸ ಅಂದರು. ಅಲ್ಲಿಗೂ ಬಿಡದೆ, ಪ್ರೋಗ್ರಾಮೇ ಎಲ್ಲಿಂದಲೋ ಕದ್ದದ್ದು ಅಂದರು. ಮುಖ ತೋರಿಸದವರ ಬಾಯಿಗೆ ಬೀಗ ಎಲ್ಲಿಯದು? ಗೆಳೆಯರು ಮಾತ್ರ ಶಾಂತವಾಗಿ ಉತ್ತರ ಬರೆದರು: ಆಡಿಸಿದವರು ಸುಳ್ಳು ಹೇಳುವ ಜನ ಅಲ್ಲ, ಅವರಿಗೆ ನಾನು ಜಾಮೀನು.

ಆಮೇಲೆ ಚಹಾ ಹಿಡಿದು ನನ್ನೆದುರು ಕೂತರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಎಂತಾದ್ರೂ ಅಳಿಸಿದ್ದು ಉಂಟಾ?"

"ಏನೂ ಇಲ್ಲ ಕಣ್ರೀ. ಸಾಫ್ಟ್‌ವೇರೇ ನಂಬರ್ ತಪ್ಪಾಗಿ ಹಾಕಿರ್ಬೇಕು. ಹೊಟ್ಟೆಕಿಚ್ಚಿನ ಜನ. ಖಲಾಸ್, ಬಿಟ್ಟಾಕಿ."

"ನೀವು ಹೇಳಿದ್ರೆ ಮುಗೀತು."

ಹೇಡಿ ನಾನು. ನಡೆದದ್ದನ್ನು ವೇದಿಕೆಯಲ್ಲಿ ಎರಡು ಸಾಲು ಬರೆದಿದ್ದರೆ ಬೈಗುಳ ನನಗೆ ಬೀಳುತ್ತಿತ್ತು, ಅವರ ಹೆಸರು ಉಳಿಯುತ್ತಿತ್ತು. ಬರೆಯಲಿಲ್ಲ. ವೇದಿಕೆಯವರು ಫಲಿತಾಂಶವನ್ನು ಕಿತ್ತುಹಾಕಿ, ಅವರನ್ನೂ ಹೊರಗಟ್ಟಿದರು. ನಾಲ್ಕು ವರ್ಷದ ಆ ಪ್ರೋಗ್ರಾಮನ್ನು ಅವರು ಮತ್ತೆ ತೆರೆಯಲಿಲ್ಲ.

ಎಷ್ಟೋ ತಿಂಗಳ ನಂತರ ಕೂತು ಲೆಕ್ಕ ಹಾಕಿದೆ. ಮತ್ತೆ ಆಡಿಸಿದ ಏಳರಲ್ಲಿ ಅವರಿಗೆ ಸಿಕ್ಕಿದ್ದು ಐದು ಅಂಕ. ಅಂದರೆ ಏಳನ್ನೂ ಸೋಲೆಂದೇ ಬರೆದಿದ್ದರೂ ಐವತ್ತಮೂರು. ಅವರು ಗೆದ್ದೇ ಇದ್ದರು. ನನ್ನ ಉಪಕಾರದ ಅಗತ್ಯವೇ ಇರಲಿಲ್ಲ.

ಊರಿಂದ ಸಂಸಾರ ಬಂದಮೇಲೆ ಅವರು ಅಲ್ ಥುಮಾಮಾ ಬಡಾವಣೆಗೆ ಮನೆ ಬದಲಿಸಿದರು. ಈ ಸಲ ಈದ್ ಊಟಕ್ಕೆ ಕರೆದಿದ್ದರು. ಬಂದ ನೆಂಟರಿಗೆಲ್ಲ ನನ್ನನ್ನು ಪರಿಚಯಿಸಿದರು.

"ಎಲ್ಲರೂ ನನ್ನನ್ನು ಕಳ್ಳ ಅಂತ ಹೇಳುವಾಗ ನನ್ನೊಟ್ಟಿಗೆ ನಿಂತದ್ದು ಇವರೊಬ್ಬರೇ."

ಹೇಳುತ್ತಲೇ ನನ್ನ ತಟ್ಟೆಗೆ ಇನ್ನೊಂದು ಸೌಟು ಬಿರಿಯಾನಿ ಬಡಿಸಿದರು. ನಾನು ಬೇಡವೆನ್ನಲಿಲ್ಲ.