ಬೋನಾಳ ಕೆರೆಯ ಬಕದ ಕಣ್ಣು

ಸುರಪುರದ ಜಮಾಲಸಾಬರ ಫೋಟೊ ದುಕಾನಿನಲ್ಲಿ ನಾನು ಪಗಾರದ ಆಳು. ಕ್ಯಾಮೆರಾದ ಮುಕ್ಕಾಲಿ ಹೊರುವುದು, ಗಿರಾಕಿಯ ರುಮಾಲು ನೆಟ್ಟಗೆ ಮಾಡುವುದು, ಏನಾದರೂ ಕೆಟ್ಟರೆ ಬೈಸಿಕೊಳ್ಳುವುದು ನನ್ನ ಕೆಲಸ. ಕೊನೆಯದರಲ್ಲಿ ಮಾತ್ರ ಚೆನ್ನಾಗಿ ಪಳಗಿದ್ದೇನೆ. ಅದಕ್ಕೇ ಫೋಟೊಗಳು ಮಬ್ಬಾಗತೊಡಗಿದಾಗ ತಪ್ಪು ನನ್ನದೇ ಎಂದು ಸಾಬರಿಗಿಂತ ಮೊದಲು ನಾನೇ ನಂಬಿದೆ.

ಊರು ನಂಬಲಿಲ್ಲ. ಒಂದು ಮದುವೆಯ ಫೋಟೊದಲ್ಲಿ ಮದುಮಗನಿಗಿಂತ ಹಿಂದಿನ ಗೋಡೆಯ ಬಿರುಕೇ ಚೆಂದ ಬಂದಿತ್ತು. ಸಾಬರ ಕಣ್ಣು ಹೋಗಿದೆ ಎಂದು ಬಜಾರೆಲ್ಲ ಮಾತಾಯಿತು. ದುಕಾನು ಬಿಟ್ಟು ಗುರುಮಠಕಲ್ಲಿನ ಮಗಳ ಮನೆಗೆ ಹೋಗೋಣವೆಂದು ಅವರ ಹೆಂಡತಿ ಹಬೀಬಾ ಹಟ ಹಿಡಿದರು.

“ಉದ್ದ ಲೆನ್ಸಿನಾಗ ಒಂದ ಹಕ್ಕಿ ಹಿಡೀತೀನಿ,” ಎಂದರು ಸಾಬರು. “ಅದರ ಕಣ್ಣ ಚೊಕ್ಕ ಬರ್ಲಿಲ್ಲಂದ್ರ ದುಕಾನ ಬಂದ್.”

ಆ ಲೆನ್ಸು ವಿಲಾಯತಿಗೆ ಮರಳುತ್ತಿದ್ದ ರೈಲ್ವೆ ದೊರೆಯೊಬ್ಬನಿಂದ ಯಾದಗಿರಿಯಲ್ಲಿ ಕೊಂಡದ್ದು. ದೂರದ ಹಕ್ಕಿಯನ್ನು ಹತ್ತಿರ ತರುತ್ತದೆ, ನಮ್ಮ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಹಕ್ಕಿ ಹೊಗೆಯಾಗುತ್ತದೆ.

ಬೋನಾಳ ಕೆರೆಯ ದಂಡೆಯಲ್ಲಿ ಅಡಗಿ ಕೂರಲು ಕುರಿ ಕಾಯುವ ಮಲಕಮ್ಮನಿಂದ ಅವಳ ಗಂಡನ ಕಂಬಳಿ ಕೇಳಿ ತಂದೆ. ಉಪಾಯ ನನ್ನದೇ, ಹೆಮ್ಮೆಯೂ ಇತ್ತು. ಕೋಲಿಗೆ ಕಂಬಳಿ ಕಟ್ಟಿ ಮರೆಯಲ್ಲಿ ಕೂತೆವು. ಮುಕ್ಕಾಲಿ ಅಲುಗದಿರಲೆಂದು ಕಲ್ಲಿನ ಚೀಲ ತೂಗುಬಿಟ್ಟೆವು. ಎದುರಿನ ಮೋಟುಮರದ ಮೇಲೆ ಬಕವೊಂದು ಬಂದು ನಿಂತಿತು.

ಅದರ ಹಿಂದೆಯೇ ಕುರಿಗಳು ಬಂದವು, ಇಡೀ ಹಿಂಡು. ಕಂಬಳಿ ಇದ್ದಲ್ಲಿ ಒಡೆಯ ಇರುತ್ತಾನೆಂಬುದು ಅವುಗಳ ರೂಢಿ. ಬಕ ಕುರಿಗಳಿಗೆ ಹೆದರಲಿಲ್ಲ. ಹೆದರಿದವನು ನಾನೊಬ್ಬನೇ.

ಹಿಂಡು ಹುಡುಕುತ್ತ ಮಲಕಮ್ಮ ಬಂದಳು. “ಕಂಬಳಿ ಅಷ್ಟ ಬೇಕಂದಿದ್ದೆಲ್ಲೋ ಅಂಬಣ್ಣ. ಈಗ ಕುರೀನೂ ನೀನ ಕಾಯಾಕತ್ತಿ?”

“ಸುಮ್ನಿರ ಯಕ್ಕಾ, ಹಕ್ಕಿ ಹಾರ್ತದ.”

ಸಾಬರು ಆಗಷ್ಟೇ ಫೋಕಸ್ ಮಾಡಿ ಮುಗಿಸಿದ್ದರು. ಮಲಕಮ್ಮನ ಆಸೆಗಣ್ಣು ನೋಡಿ ನಕ್ಕು ಕ್ಯಾಮೆರಾದ ಕರಿಬಟ್ಟೆ ಎತ್ತಿದರು. “ನೋಡವಾ. ಗಾಜಿನಾಗ ತಲಿಕೆಳಗ ಕಾಣ್ತದ.”

ಅವಳು ಒಳಗೆ ಇಣುಕಿದಳು. “ಹಕ್ಕಿ ಮ್ಯಾಲ ಮಂಜ ಬಿದ್ದಂಗ ಅದ್ರಿ ಸಾಬ್ರ. ಮುಂದಿನ ಹುಲ್ಲ ಮಾತ್ರ ಎಳಿ ಎಳಿ ಕಾಣಾಕತ್ತದ. ನೀವ ಹುಲ್ಲಿನ ಫೋಟೊ ತಗಿಯೋರೇನ್ರಿ?”

ಸಾಬರು ಚಾಳೀಸು ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಯಾರೂ ಬೈಯದ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

“ಅಂಬ್ಯಾ, ನೀ ತಿರುವು.”

ತಲೆ ಒಳಗಿಟ್ಟು ಫೋಕಸಿನ ತಿರುಪು ಮುಟ್ಟಿದೆ. ಹುಲ್ಲು ಕರಗಿತು, ಬಕದ ಗರಿ ಮೂಡಿತು, ಕಡೆಗೆ ಕಣ್ಣು. “ಬಂತ್ರಿ,” ಎಂದು ಕ್ಯಾಮೆರಾಕ್ಕೆ ಫೋಟೊ ಪ್ಲೇಟು ಸೇರಿಸಿದೆ. ಮಲಕಮ್ಮ ಮುಕ್ಕಾಲಿಗೆ ಮೈ ತಿಕ್ಕುತ್ತಿದ್ದ ಟಗರನ್ನು ಕೊಂಬು ಹಿಡಿದು ಎಳೆದಳು. ಶಟರಿನ ರಬ್ಬರ್ ಚೆಂಡನ್ನು ಸಾಬರತ್ತ ಚಾಚಿದೆ. ಸಾಬರು ಅದನ್ನು ಇಸಿದುಕೊಂಡರು. ಹತ್ತಿರದ ಗಾಜಿನ ಮೇಲಿನ ಚಿತ್ರ ತಿಳಿಯದಿದ್ದರೂ ದೂರದ್ದು ಅವರಿಗೆ ಇನ್ನೂ ಕಾಣುತ್ತಿತ್ತು. ಗಾಳಿ ನಿಲ್ಲುವವರೆಗೆ, ಬಕ ಕತ್ತು ಸೆಟೆಸುವವರೆಗೆ ಕಾದರು. ಆಮೇಲೆ ಮೆಲ್ಲಗೆ ಒತ್ತಿದರು.

ಮನೆಯಲ್ಲಿ ತೊಳೆದ ಪ್ಲೇಟನ್ನು ಹಬೀಬಾ ಕಿಟಕಿಗೆ ಹಿಡಿದರು. “ಕಣ್ಣಗೊಂಬಿ ಸೈತ ಬಂದದ. ನೀವ ತಗದೀರೇನು?”

“ಒತ್ತಿದ್ದು ನಾನು. ನೋಡಿದ್ದು ಅಂಬ್ಯಾ. ಸೋತಂಗ ಆತು,” ಎಂದು ಸಾಬರು ದುಕಾನಿನ ಕೀಲಿಯನ್ನು ಹೆಂಡತಿಯ ಮುಂದಿಟ್ಟರು.

ಹಬೀಬಾ ಪ್ಲೇಟನ್ನು ಇನ್ನೊಮ್ಮೆ ನೋಡಿ, ಕೀಲಿಯನ್ನು ನನ್ನ ಕಡೆ ತಳ್ಳಿದರು. “ನಾಳೆ ಮುಂಜಾನಿ ದುಕಾನ ನೀ ತಗಿ. ಇವರು ನಾಷ್ಟಾ ಮಾಡಿ ಬರ್ತಾರ.”

ಮರುದಿನ ಕೀಲಿ ಎಷ್ಟು ತಿರುವಿದರೂ ದುಕಾನಿನ ಬೀಗ ನನ್ನ ಕೈಗೆ ಬಗ್ಗಲಿಲ್ಲ. ಬಂದ ಗಿರಾಕಿಯ ಜೊತೆ ಕಟ್ಟೆಯ ಮೇಲೆ ಕೂತು, ಸಾಬರ ದಾರಿ ಕಾದೆ.