ಒಂಚೂರು ಸರಿದ ಡ್ರಮ್ಮುಗಳು

ನಮ್ಮ ಬೀದಿಯವರೆಲ್ಲ ಆಕೆಯನ್ನು ಕರೆಯುವುದು ಬ್ರೇಕ್ ಅಕ್ಕ ಎಂದು. ಕಾರು ಕಲಿಸುವುದು ಕಸುಬು. ಕಲಿಯುವವರ ಪಕ್ಕದಲ್ಲಿ, ತನ್ನ ಕಾಲಡಿಗೂ ಒಂದು ಬ್ರೇಕ್ ಇಟ್ಟುಕೊಂಡು ಕೂತು ಕೂತು, ಈಗ ಎಲ್ಲಿ ಕೂತರೂ ಬಲಗಾಲು ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಒತ್ತುತ್ತಾಳೆ, ಊಟದ ಮೇಜಿನ ಕೆಳಗೂ ಒತ್ತುತ್ತಾಳೆ. "ನನ್ನ ಸೊಸೆ ನಿದ್ದೆಯಲ್ಲೂ ಯಾರನ್ನೋ ಉಳಿಸ್ತಾ ಇರ್ತಾಳೆ" ಎಂದು ಅತ್ತೆ ಹೇಳಿ ನಗುತ್ತಾರೆ.

ಆ ಅತ್ತೆಗೆ ಎದುರುಮನೆಯ ಮುದುಕಿ ಜೀವದ ಗೆಳತಿ. ನಡುವೆ ಇರುವುದು ಒಂದು ರಸ್ತೆ, ಅಷ್ಟೇ. ಆದರೆ ಅದು ಅಗಲವಾದ ರಸ್ತೆ. ಅಲ್ಲಿನ ಮೂಲೆಯಲ್ಲಿ ತಿರುಗುವ ಗಾಡಿಗೆ ವೇಗ ತಗ್ಗಿಸುವ ಅಗತ್ಯವೇ ಬೀಳುವುದಿಲ್ಲ. ಹೋದ ವರ್ಷ ಒಂದು ಸ್ಕೂಟರು ಅತ್ತೆಯ ಕೈಚೀಲವನ್ನು ಸಿಕ್ಕಿಸಿಕೊಂಡು ಎಳೆದೊಯ್ದ ಮೇಲೆ ಅವರು ಒಬ್ಬರೇ ದಾಟುವುದನ್ನು ಬಿಟ್ಟರು. ಗೆಳತಿಯರಿಬ್ಬರೂ ತಂತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮುಖ ನೋಡುತ್ತಲೇ ಫೋನಿನಲ್ಲಿ ಮಾತಾಡುತ್ತಿದ್ದರು. ಈ ವರ್ಷ ಗೆಳತಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಫೋನಿನಲ್ಲಿ ಅವರ ಮಾತು ದಿನೇ ದಿನೇ ಚಿಕ್ಕದಾಯಿತು. ಅತ್ತೆ ಗೇಟಿನವರೆಗೆ ಹೋಗುವುದು, ವಾಪಸ್ಸು ಬರುವುದು, ಮತ್ತೆ ಹೋಗುವುದು.

"ಇರಿ ಅತ್ತೆ, ಸಂಜೆ ಬಂದು ನಾನೇ ದಾಟಿಸ್ತೀನಿ."

"ನಿನ್ನ ಪುರುಸೊತ್ತು ನೋಡ್ಕೊಂಡು ನಾನು ಸ್ನೇಹ ಮಾಡ್ಬೇಕಾ?"

ಆ ಮೂಲೆಯಲ್ಲಿ ಗಾಡಿಗಳ ವೇಗ ತಗ್ಗಿಸಲು ಏನಾದರೂ ಮಾಡಿ ಎಂದು ಬ್ರೇಕ್ ಅಕ್ಕ ಪುರಸಭೆಯ ಕಚೇರಿಗೆ ಎಡತಾಕತೊಡಗಿದಳು. ಕೊನೆಗೆ ಒಬ್ಬ ಇಂಜಿನಿಯರ್ ಬಂದ. ನಕ್ಷೆಯ ಬದಲು ಖಾಲಿ ಡಾಂಬರು ಡ್ರಮ್ಮುಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದ.

"ಎಲ್ಲಿಡಬೇಕು ಅಂತ ನೀವೇ ನಿಂತು ಹೇಳಿ" ಎಂದ. "ವಾರವಿಡೀ ಓಡಾಡಿ ನೋಡಿ. ಸರಿಹೋಗ್ಲಿಲ್ಲ ಅಂದ್ರೆ ಮಾತಾಡ್ಕೊಂಡು ಬದಲಾಯಿಸಿ. ಶನಿವಾರ ಡ್ರಮ್ ಎಲ್ಲಿರುತ್ತೋ ಅಲ್ಲೇ ಗೆರೆ ಎಳೀತೀನಿ, ಅಲ್ಲೇ ಫುಟ್‌ಪಾತಿನ ಅಂಚುಗಲ್ಲು ಕೂರುತ್ತೆ."

ಬೀದಿಯವರು ವಾದಿಸಿ, ರೇಗಿ, ನಕ್ಕು, ಅಂತೂ ಡ್ರಮ್ಮುಗಳನ್ನು ನಿಲ್ಲಿಸಿದರು. ರಸ್ತೆಯ ಎರಡೂ ಅಂಚು ಮುಂದಕ್ಕೆ ಬಂದವು. ದಾಟುವ ದೂರ ಅರ್ಧಕ್ಕಿಳಿಯಿತು. ಮೂಲೆ ಬಿಗಿಯಾದ್ದರಿಂದ ಗಾಡಿಗಳು ತೆವಳಿಕೊಂಡೇ ತಿರುಗಬೇಕಾಯಿತು. ಮರುದಿನ ಅತ್ತೆ ಒಬ್ಬರೇ ದಾಟಿದರು. ಸಂಜೆಯವರೆಗೂ ಗೆಳತಿಯ ಮಂಚದ ಪಕ್ಕ ಕೂತು, ಹೊಟ್ಟೆತುಂಬ ಜಗಳವಾಡಿ ಬಂದರು.

ಆದರೆ ಆ ಅಗಲವಾದ ಮೂಲೆಯೇ ಬ್ರೇಕ್ ಅಕ್ಕನ ಪಾಠಶಾಲೆಯೂ ಆಗಿತ್ತು. ಕಾರನ್ನು ಪೂರ್ತಿ ಹಿಂದಕ್ಕೆ ತಿರುಗಿಸುವುದನ್ನು ಆಕೆ ಕಲಿಸುತ್ತಿದ್ದುದು ಅಲ್ಲೇ. ಆ ವಾರ ಒಬ್ಬ ಹಲ್ಲಿನ ಡಾಕ್ಟರ್ ಕಲಿಯುತ್ತಿದ್ದ. ಅವನಿಗೆ ಲೈಸೆನ್ಸ್ ಪರೀಕ್ಷೆ ಹತ್ತಿರ ಬಂದಿತ್ತು. ಎಷ್ಟು ಸಲ ತಿರುಗಿಸಿದರೂ ಡ್ರಮ್ಮಿಗೆ ತಾಗುವುದೇ.

"ಅಕ್ಕಾ, ಆ ಒಂದು ಡ್ರಮ್ ಒಂಚೂರು ಸರಿಸಿದ್ರೆ..."

"ಹಲ್ಲು ಕೀಳೋವಾಗ ಪಕ್ಕದ ಹಲ್ಲನ್ನ ಸರಿಸ್ತೀರಾ ನೀವು?" ಎಂದು ಬೈದಳು. ಆಮೇಲೆ ತಾನೇ ಇಳಿದು ಉರುಳಿಸಿದಳು. ಪಾಠ ಮುಗಿದ ಮೇಲೆ ಮತ್ತೆ ಅಲ್ಲೇ ಇಟ್ಟರಾಯಿತು ಎಂದುಕೊಂಡಳು. ಅಷ್ಟರಲ್ಲಿ ಇನ್ನೊಬ್ಬರ ಪಾಠದ ಹೊತ್ತಾಯಿತು.

ದಿನಸಿ ಅಂಗಡಿಯವನು ಮೂಟೆ ಇಳಿಸಲೆಂದು ಒಂದನ್ನು ಒಂಚೂರು ಸರಿಸಿದ್ದ. ಮೂಲೆಮನೆಯ ಆಡಿಟರ್ ತಮ್ಮ ಕಾರಿಗೆಂದು ಇನ್ನೊಂದನ್ನು ಒಂಚೂರು. ಒಬ್ಬರು ಸರಿಸಿದ್ದನ್ನು ನೋಡಿಯೇ ಇನ್ನೊಬ್ಬರಿಗೆ ಧೈರ್ಯ ಬಂದಿದ್ದು. ಹೀಗೆ ಬಿಗಿಯಾಗಿದ್ದ ಮೂಲೆ ಮತ್ತೆ ಬಾಯಿ ತೆರೆಯಿತು.

ಶುಕ್ರವಾರ ಮಧ್ಯಾಹ್ನ ಅತ್ತೆ ಎಂದಿನಂತೆ ಹೊರಟರು. ನಡುರಸ್ತೆಯಲ್ಲಿದ್ದಾಗ ಒಂದು ಬೈಕು ಹಳೆಯ ವೇಗದಲ್ಲೇ ನುಗ್ಗಿ, ಗಾಳಿ ಮೈಗೆ ಬಡಿಯುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಅವರು ಅಲ್ಲಿಂದಲೇ ಹಿಂದಿರುಗಿ ಒಳಗೆ ಬಂದು ಕೂತರು. ಸಂಜೆ ಸೊಸೆ ಬಂದಾಗ ಹೇಳಿದ್ದು ಒಂದೇ ಮಾತು: "ಡ್ರಮ್ ನಂಬ್ಕೊಂಡು ಹೋದೆ ಕಣೇ."

ಬ್ರೇಕ್ ಅಕ್ಕ ಹೊರಗೆ ಓಡಿ ನೋಡಿದಳು. ಬೈಕು ನುಗ್ಗಿದ್ದು ತಾನು ತೆರೆದ ಸಂದಿಯಲ್ಲೇ. ಡ್ರಮ್ಮಿನ ಮೇಲೆ ಕೈಯಿಟ್ಟಳು, ತೆಗೆದಳು. ಈಗ ಮೊದಲಿನ ಜಾಗಕ್ಕೆ ಉರುಳಿಸಿದರೆ ನಾಳೆ ಅಲ್ಲೇ ಕಲ್ಲು ಕೂರುತ್ತದೆ. ಮತ್ತೆಂದೂ ಅಲ್ಲಿ ಕಾರು ತಿರುಗುವುದಿಲ್ಲ. ಮನೆಯ ಹತ್ತಿರ ಅಂಥ ಜಾಗ ಇನ್ನೊಂದಿರಲಿಲ್ಲ. ಒಳಗೆ ಹೋದಳು, ಮತ್ತೆ ಬಂದಳು. ಅನ್ನಕ್ಕಿಟ್ಟಿದ್ದು ಸೀದುಹೋಯಿತು. ಡ್ರಮ್ ಮಾತ್ರ ಇದ್ದಲ್ಲೇ ಇತ್ತು.

ಬೆಳಿಗ್ಗೆ ಇಂಜಿನಿಯರ್ ಅಳತೆಪಟ್ಟಿ, ಸುಣ್ಣದ ಪುಡಿಯ ಡಬ್ಬ ಹಿಡಿದು ಬಂದ. ಬೀದಿ ಸೇರಿತು.

"ಎಲ್ಲ ಸ್ವಲ್ಪ ಜರುಗಿದ ಹಾಗಿದೆ. ಇದೇ ನಿಮ್ಮ ತೀರ್ಮಾನವಾ?"

"ಹೌದು ಹೌದು, ಎಳೀರಿ ಗೆರೆ" ಎಂದರು ಆಡಿಟರ್. "ಎಲ್ಲರಿಗೂ ಅನುಕೂಲ ಆಗಿದೆ."

ಇಂಜಿನಿಯರ್ ಬಗ್ಗಿದ. ಗೇಟಿನ ಹಿಂದೆ ಅತ್ತೆ ನಿಂತಿದ್ದರು.

"ನಿಲ್ಸಿ" ಎಂದಳು ಬ್ರೇಕ್ ಅಕ್ಕ. "ಈ ಡ್ರಮ್ ಇಲ್ಲಿರ್ಲಿಲ್ಲ. ನಾನೇ ಸರಿಸಿದ್ದು."

"ಗಾಳಿಗೆ ಸರಿದಿರಬಹುದು, ಬಿಡಕ್ಕ" ಎಂದ ದಿನಸಿಯವನು ಮೆಲ್ಲಗೆ.

"ಗಾಳಿಗೆ ಲೈಸೆನ್ಸ್ ಬೇಕಾಗಿರ್ಲಿಲ್ಲಪ್ಪ, ನನ್ನ ಡಾಕ್ಟರಿಗೆ ಬೇಕಾಗಿತ್ತು" ಎನ್ನುತ್ತ ಡ್ರಮ್ಮನ್ನು ಮೊದಲಿನ ಜಾಗಕ್ಕೆ ಉರುಳಿಸಿದಳು. ಜನ ನಕ್ಕರು. ದಿನಸಿಯವನು ತಲೆ ಕೆರೆದುಕೊಂಡು, ತನ್ನದನ್ನೂ ಉರುಳಿಸಿದ.

ಆಡಿಟರ್ ಕದಲಲಿಲ್ಲ. "ನಾನಂತೂ ಮುಟ್ಟಿಲ್ಲ."

ಅತ್ತೆ ಗೇಟು ತೆಗೆದು ಬಂದು ರಸ್ತೆಯಲ್ಲಿ ಒಂದು ಕಡೆ ನಿಂತರು. "ನಿಮ್ಮ ಡ್ರಮ್ ಇಲ್ಲಿತ್ತು. ಅದು ಬರೋವರೆಗೆ ಅದರ ಬದಲು ನಾನಿರ್ತೀನಿ. ನೋಡೋಕೂ ಹೆಚ್ಚುಕಮ್ಮಿ ಅದೇ ಥರ ಇದೀನಲ್ಲ."

ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಆಡಿಟರ್ ಗೊಣಗುತ್ತ ಹೋಗಿ ಡ್ರಮ್ ತಂದರು. ಗೆರೆ ಬಿತ್ತು. ಸುಣ್ಣ ಇನ್ನೂ ಹಾರಾಡುತ್ತಿರುವಾಗಲೇ ಅತ್ತೆ ಎದುರುಮನೆಯ ಬಾಗಿಲು ತಟ್ಟುತ್ತಿದ್ದರು.

ಸೋಮವಾರ ಬ್ರೇಕ್ ಅಕ್ಕ ಹೊಸ ಜಾಗ ಹುಡುಕಿಕೊಂಡು ಹೊರಟಳು. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದು ಡಾಕ್ಟರ್. ಬೀದಿ ಬೀದಿ ಸುತ್ತಿ, ಗೋದಾಮುಗಳ ಹಿಂದೆ ಅಗಲವಾದ ಒಂದು ಮೂಲೆ ಸಿಕ್ಕಿತು. ರಸ್ತೆಯಂಚಿನಲ್ಲಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು, ದಾಟಲು ಒಂದು ಹೆಜ್ಜೆ ಮುಂದಿಡುತ್ತ, ಹಿಂದಿಡುತ್ತ ನಿಂತಿದ್ದಳು.

"ಇಲ್ಲಿ ತಿರುಗಿಸ್ಲಾ ಅಕ್ಕಾ? ಜಾಗ ಚೆನ್ನಾಗಿದೆ."

"ಮೊದಲು ನಿಲ್ಸಿ, ಅವ್ರು ದಾಟ್ಲಿ. ಆಮೇಲೆ ಮುಂದಕ್ಕೆ ಹೋಗಿ."

"ಯಾಕೆ? ಇಷ್ಟು ಅಗಲ ಇನ್ನೆಲ್ಲಿ ಸಿಗುತ್ತೆ?"

"ಅದಕ್ಕೇ" ಎಂದಳು ಬ್ರೇಕ್ ಅಕ್ಕ, ದಾಟುತ್ತಿದ್ದ ಆ ಇಬ್ಬರನ್ನೇ ನೋಡುತ್ತ.