ಮಗ್ಗೆ ಕೆರೆಯ ಕೆಂಪು ದೀಪ

ಬಾಳ್ಳುಪೇಟೆಯ ಮೆಕ್ಯಾನಿಕ್ ಆಲ್ಬನ್ ರೊಸಾರಿಯೋಗೆ ಎಣ್ಣೆ, ಗ್ರೀಸು ಕಂಡರೆ ಹೇಸಿಗೆಯಿರಲಿಲ್ಲ. ಅವನಿಗೆ ಹೇಸಿಗೆ ಹುಟ್ಟಿಸುತ್ತಿದ್ದವರು ಮನುಷ್ಯರು. ಇಪ್ಪತ್ತೆರಡು ವರ್ಷ ಎಸ್ಟೇಟುಗಳ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರುಗಳನ್ನು ಬಿಚ್ಚಿ ಜೋಡಿಸಿದ್ದ. ಏರ್ ಫಿಲ್ಟರ್ ಇರಬೇಕಾದಲ್ಲಿ ಹಳೇ ಬನಿಯನ್ ತುರುಕಿದವರನ್ನು ಕಂಡಿದ್ದ. ರೇಡಿಯೇಟರಿನ ತೂತಿಗೆ ಸ್ನಾನದ ಸೋಪು ಮೆತ್ತಿ, ಕೂದಲು ಸಮೇತ ಹಾಗೇ ಬಿಟ್ಟವರನ್ನೂ ಕಂಡಿದ್ದ. ಮನೆಗೆ ಬಂದು ಊಟಕ್ಕೆ ಕೂತಾಗ ಅದೆಲ್ಲ ನೆನಪಾಗಿ ಅವನ ಬಾಯಲ್ಲಿ "ಥೂ" ಬಂದುಬಿಡುತ್ತಿತ್ತು. ನನ್ನ ಸಾರಿಗೆ ಹೇಳಿದ್ದೋ ಇನ್ನ್ಯಾರಿಗೋ ಎಂದು ಹೆಂಡತಿ ಮೊಡೆಸ್ಟಾ ಮುಖ ಊದಿಸಿಕೊಳ್ಳುತ್ತಿದ್ದಳು.

ಎಂಬತ್ತಾರನೇ ಇಸವಿಯ ನವೆಂಬರಿನಲ್ಲಿ ಕಂಟ್ರಾಕ್ಟರ್ ಸುಬ್ಬಯ್ಯ ಅವನನ್ನು ಮಗ್ಗೆ ಹತ್ತಿರದ ಒಂದು ತೋಟಕ್ಕೆ ಕರೆಸಿದ. ಅಲ್ಲಿ ಕಾಫಿಗೆ ನೀರು ಹಾಯಿಸಲು ಕೆರೆ ತೋಡುತ್ತಿದ್ದರು. ತೋಡುತ್ತಿದ್ದುದು ಎಣ್ಣೆಯ ಒತ್ತಡದಲ್ಲಿ ತೋಳು ಆಡಿಸುವ ಹೊಸ ಮಿಷನ್ನು. ಆ ಸೀಮೆಯಲ್ಲಿ ಅಂಥದ್ದು ಅದೊಂದೇ ಇತ್ತು. ಅದನ್ನು ಓಡಿಸುವ ಶಿವಯ್ಯನನ್ನು ಸುಬ್ಬಯ್ಯನೇ ಎರಡು ತಿಂಗಳು ತರಬೇತಿಗೆ ಕಳಿಸಿದ್ದ. ಎಣ್ಣೆ ಕಾದರೆ ಸೀಟಿನ ಮುಂದೆ ಕೆಂಪು ದೀಪ ಹತ್ತುತ್ತದೆ, ಹತ್ತಿದರೆ ತಕ್ಷಣ ನಿಲ್ಲಿಸಬೇಕು ಎಂದು ಅಲ್ಲಿ ಕಲಿಸಿದ್ದರು. ಶಿವಯ್ಯ ಹಾಗೇ ಮಾಡಿದ. ಹದಿನೈದು ದಿನದಿಂದ ದೀಪ ಹತ್ತುತ್ತಲೇ ಇತ್ತು, ಅವನು ನಿಲ್ಲಿಸುತ್ತಲೇ ಇದ್ದ. ಸುಬ್ಬಯ್ಯ ಬಂದು ಹತ್ತಿ ನೋಡಿದರೆ ಮಾತ್ರ ದೀಪ ಹತ್ತುತ್ತಿರಲಿಲ್ಲ.

"ಕಳ್ ನನ್ಮಗ. ಸೋಮಾರಿತನಕ್ಕೆ ದೀಪದ ನೆಪ. ಮಿಷನ್ನು ಸರಿಯಾಗೈತೆ ಅಂತ ನೀವೊಂದ್ಮಾತು ಹೇಳ್ಬುಡಿ ಆಲ್ಬನ್ನೋರೆ, ಇವತ್ತೇ ಇವನ್ನ ಓಡಿಸ್ತೀನಿ," ಎಂದ ಸುಬ್ಬಯ್ಯ.

ಶಿವಯ್ಯ ಪಕ್ಕದಲ್ಲೇ ನಿಂತಿದ್ದ. ಅವನ ಹೆಂಡತಿ ಲಿಂಗಮ್ಮ ಏರಿಯ ಮೇಲೆ ಉಳಿದ ಹೆಂಗಸರ ಜೊತೆ ಕಲ್ಲು ಹೊರುತ್ತಿದ್ದಳು. ಗಂಡ ಸುಳ್ಳ ಎಂದು ಸುಬ್ಬಯ್ಯ ಹಿಂದಿನ ದಿನ ಅಷ್ಟೂ ಜನರ ಮುಂದೆ ಕೂಗಿ ಹೇಳಿದ್ದ. ಆಗಿನಿಂದ ಅವಳು ಯಾರ ಜೊತೆಗೂ ಮಾತಾಡಿರಲಿಲ್ಲ. "ಕೆಲ್ಸ ಹೋದ್ರೆ ಹೋಗ್ಲಿ ಅಣ್ಣ. ಅಷ್ಟು ಹೆಂಗಸ್ರ ಮುಂದೆ ಸುಳ್ಳ ಅನ್ನಿಸ್ಕಂಡು ಹೋಗಾಕೆ ಆಗಲ್ಲ," ಎಂದು ಶಿವಯ್ಯ ಆಲ್ಬನ್ನನಿಗೆ ಮೆಲ್ಲಗೆ ಹೇಳಿದ.

ಆಲ್ಬನ್ನನಿಗೆ ಅವನ ಮೇಲೂ ಕನಿಕರ ಹುಟ್ಟಲಿಲ್ಲ. ಕ್ಯಾಬಿನ್ನಿನ ಮೂಲೆಮೂಲೆಗೂ ಅವನು ಎಲೆಅಡಿಕೆ ಉಗಿದಿದ್ದ. ಬಾಗಿಲು ತೆಗೆದವನೇ ಆಲ್ಬನ್ ಮೂಗು ಮುಚ್ಚಿಕೊಂಡ.

ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ಓಡಿಸಿದರೂ ದೀಪ ಹತ್ತಲಿಲ್ಲ. ಸುಬ್ಬಯ್ಯನ ಮುಖ ಅರಳಿತು. "ಎಲ್ಲಿ ಹತ್ತುತ್ತೋ ಅಲ್ಲಿಗೆ ತಗೊಂಡ್ ಹೋಗು," ಎಂದ ಆಲ್ಬನ್. ಶಿವಯ್ಯ ಕೆರೆಯ ಇಳಿಜಾರಿಗೆ ಇಳಿಸಿದ. ಮಿಷನ್ನು ಮುಂದಕ್ಕೆ ವಾಲಿದ್ದೇ ತಡ, ದೀಪ ಹತ್ತಿತು. ಆಲ್ಬನ್ ಎಣ್ಣೆಯ ಟ್ಯಾಂಕಿಗೆ ಅಂಗೈ ಒತ್ತಿ ಹಿಡಿದ. ಬರೀ ಬೆಚ್ಚಗಿತ್ತು. ಬಿಸಿ ಅಳೆಯಲು ಟ್ಯಾಂಕಿಗೆ ಕೂರಿಸಿದ್ದ ಗುಂಡಿಯಿಂದ ವೈರು ಕಳಚಿದ. ಗುಂಡಿಯೇ ಕೆಟ್ಟು ದೀಪ ಹತ್ತಿಸುತ್ತಿದ್ದರೆ ಈಗ ಆರಬೇಕಿತ್ತು. ಆರಲಿಲ್ಲ. ಅಂದರೆ ವೈರು ನಡುವೆ ಎಲ್ಲೋ ಸುಲಿದು, ಇಳಿಜಾರಿನಲ್ಲಿ ವಾಲಿದಾಗ ಮಿಷನ್ನಿನ ಮೈಗೆ ತಾಗಿ ದೀಪ ಹತ್ತಿಸುತ್ತಿದೆ. ಆ ವೈರು ಸೀಟಿನ ಹಿಂದಿನ ತಗಡಿನ ಒಳಗೆ ಹಾದುಹೋಗಿತ್ತು.

ತಗಡು ಬಿಚ್ಚಿದಾಗ ಬಂದ ನಾತಕ್ಕೆ ಸುಬ್ಬಯ್ಯ ನಾಲ್ಕು ಹೆಜ್ಜೆ ಹಿಂದೆ ಸರಿದ. ಒಳಗೆ ಹೆಗ್ಗಣ ಗೂಡು ಕಟ್ಟಿತ್ತು. ಉಚ್ಚೆಯಲ್ಲಿ ನೆನೆದು ಗಟ್ಟಿಯಾದ ಕಡ್ಲೆಪುರಿ, ಬೂಸ್ಟು ಹಿಡಿದ ಕಾಯಿಹೋಳು, ಚೆಂಡುಹೂವಿನ ದಾರ, ಹಿಕ್ಕೆ, ಸತ್ತು ಉಬ್ಬಿದ ಆ ಹೆಗ್ಗಣ, ಅದರ ಮೇಲೆ ಹರಿದಾಡುವ ಹುಳ. ವೈರು ಅದರಡಿಯಲ್ಲಿತ್ತು. ಆಲ್ಬನ್ ಪಕ್ಕಕ್ಕೆ ತಿರುಗಿ ಎರಡು ಸಲ ಓಕರಿಸಿದ. ಆಮೇಲೆ ತೋಳು ಮಡಚಿ ಮೊಣಕೈವರೆಗೂ ಕೈ ಹಾಕಿದ. ಮುಷ್ಟಿಮುಷ್ಟಿಯಾಗಿ ಎಲ್ಲವನ್ನೂ ಬಾಚಿ ಹೊರಗೆಸೆದು, ಹಲ್ಲಿನ ಗುರುತು ಬಿದ್ದ ವೈರನ್ನು ಎಳೆದು ತೋರಿಸಿದ.

"ನೋಡಿ, ಈ ಬಡ್ಡಿಮಗ ತಿಂಡಿ ತಂದು ಇಲ್ಲಿ ಇಟ್ಕಂಡವ್ನೆ," ಎಂದ ಸುಬ್ಬಯ್ಯ, ಒಂಚೂರೂ ತಡವರಿಸದೆ.

ಶಿವಯ್ಯ ತಲೆ ಎತ್ತಿದ. "ಆಯುಧಪೂಜೆ ದಿನ ನೀವೇ ತಗಡು ತೆಗೆಸಿ ಎರಡು ಸೇರು ಕಡ್ಲೆಪುರಿ ಸುರಿದ್ರಿ ಸಾವ್ಕಾರ್ರೆ. ಮಿಷನ್ನಿಗೂ ಹೊಟ್ಟೆ ಐತೆ ಅಂದ್ರಿ. ತೆಗೀಲಾ ಅಂತ ಕೇಳ್ದೆ. ಪ್ರಸಾದ ಮುಟ್ಬೇಡ ಅಂದ್ರಿ."

ಸುಬ್ಬಯ್ಯ ಆಲ್ಬನ್ನನ ಕಡೆ ತಿರುಗಿದ. "ಹೋಗ್ಲಿ ಬಿಡಿ. ಆ ದೀಪದ ವೈರೇ ಕತ್ತರಿಸಿಬಿಡಿ ಆಲ್ಬನ್ನೋರೆ. ದೀಪಾನೂ ಬೇಡ, ಜಗಳಾನೂ ಬೇಡ. ನೀನು ಹತ್ತೋ ಶಿವಯ್ಯ," ಎಂದ.

ಹುಳ ಹತ್ತಿದ ಹೆಗ್ಗಣವನ್ನು ಕೈಯಲ್ಲಿ ಹಿಡಿದಾಗಲೂ ಆಲ್ಬನ್ನನಿಗೆ ಇಷ್ಟು ಅಸಹ್ಯವಾಗಿರಲಿಲ್ಲ. ಅದು ಪಾಪ, ಹಸಿವಿಗೆ ತಿಂದಿತ್ತು. ಅವನು ವೈರನ್ನು ಕತ್ತರಿಸಲೂ ಇಲ್ಲ, ಟೇಪು ಸುತ್ತಲೂ ಇಲ್ಲ. ಇಕ್ಕಳ ಕೆಳಗಿಟ್ಟು ಒಂದು ಕಲ್ಲಿನ ಮೇಲೆ ಕೂತ.

"ಸುಳ್ಳ ಅಂತ ಹೆಂಗಸರ ಮುಂದೆ ಹೇಳಿದ್ರಂತಲ್ಲ. ಅಲ್ಲ ಅಂತಾನೂ ಅಲ್ಲೇ ಹೇಳಿ. ಆಮೇಲೆ ವೈರು ಸರಿ ಮಾಡ್ತೀನಿ," ಎಂದ.

"ಕೂಲಿ ಹೆಂಗಸ್ರ ಮುಂದೆ ನಾನಾ?"

"ಹಂಗಾದ್ರೆ ಬೇರೆ ಮೆಕ್ಯಾನಿಕ್ ಹುಡ್ಕಿ. ಮಂಗಳೂರಲ್ಲಿ ಸಿಕ್ತಾರೆ. ಬರೋಕೆ ವಾರ ಹತ್ತು ದಿನ ಆಗ್ಬೋದು."

ಸುಬ್ಬಯ್ಯ ಮಿಷನ್ನು ನೋಡಿದ, ಅರ್ಧ ತೋಡಿದ ಕೆರೆ ನೋಡಿದ, ಆಲ್ಬನ್ನನ ಗಲೀಜು ಕೈ ನೋಡಿದ. ಕೊನೆಗೆ ಏರಿಯ ಕೆಳಗೆ ಹೋಗಿ ನಿಂತು, ನೆಲ ನೋಡುತ್ತಾ, "ಲಿಂಗಮ್ಮ, ನಿನ್ ಗಂಡ ಸುಳ್ಳು ಹೇಳಿರ್ಲಿಲ್ಲ ಕಣಮ್ಮ. ತಪ್ಪು ನಂದೇ," ಎಂದ.

ಕಲ್ಲು ಹೊರುತ್ತಿದ್ದವರೆಲ್ಲ ನಿಂತರು. ಲಿಂಗಮ್ಮ ತಲೆ ಮೇಲಿನ ಬುಟ್ಟಿಯನ್ನು ಇಳಿಸಲಿಲ್ಲ.

"ನಂಗೆ ನಿನ್ನೇನೇ ಗೊತ್ತಿತ್ತು ಸಾವ್ಕಾರ್ರೆ. ಇವರಿಗೆ ಗೊತ್ತಿರ್ಲಿಲ್ಲ. ಇನ್ನೊಂದ್ಸಲ ಜೋರಾಗಿ ಹೇಳಿ, ಆ ಕಡೆ ಇರೋರಿಗೆ ಕೇಳಿಸ್ಲಿಲ್ಲ."